ಹಳೆಯ ತೋಟದ ಸಲಕರಣೆಗಳಿಂದ ಎಳೆಯ ಗಿಡಗಳಿಗೆ ನೀರುಣಿಸುವ ಕ್ರಮ

ಮಾವು, ತೆಂಗು, ಹಲಸು ಮೊದಲಾದ ಸಸಿಗಳನ್ನು ಮಳೆಗಾಲದಲ್ಲಿ ನೆಟ್ಟ ರೈತರು ಮುಂದಿನ ಬೇಸಗೆಯಲ್ಲಿ ಅವುಗಳಲ್ಲಿ ಅನೇಕವನ್ನು ಕಳೆದುಕೊಳ್ಳುವುದು ಬಯಲುಸೀಮೆಯಲ್ಲಿ ಸಾಮಾನ್ಯವಾಗಿದೆ. ಬಾವಿಯಲ್ಲಿ ನೀರಿಲ್ಲದಿರುವುದೇ ಇದಕ್ಕೆ ಯಾವಾಗಲೂ ಕಾರಣವಲ್ಲ. ಕೊಡದಿಂದ ಒಮ್ಮೆಗೇ ಸುರಿದ ನೀರು ಬಹುಮಟ್ಟಿಗೆ ಹರಿದುಹೋಗುವುದು, ಇಲ್ಲವೆ ಮೇಲ್ಮಣ್ಣಿನಲ್ಲಿಯೇ ನಿಂತು ಬಿಸಿಲಿಗೆ ಆರಿಹೋಗುವುದು. ನೀರನ್ನು ನಿಧಾನವಾಗಿ ಬೇರಿನ ಬಳಿಯಲ್ಲಿಯೇ ಬಿಡತಕ್ಕ ಸಾಧನವು ಬೇಕು. ಸೋರುತ್ತದೆಂದು ಕೊಟ್ಟಿಗೆಯ ಮೂಲೆಗೆ ಎಸೆದ ವಸ್ತುವೇ ಈ ಕೆಲಸಕ್ಕೆ ಒದಗುತ್ತದೆ.

ಇವುಗಳಲ್ಲಿ ಮೊದಲನೆಯದು ಮಣ್ಣಿನ ಗಡಿಗೆ. ಬಾಯಿಯ ಅಂಚು ಒಡೆದಿದ್ದರೂ ಬಾಧಕವಿಲ್ಲ. ಹೊಟ್ಟೆಯಲ್ಲಿ ಬಿರುಕಿದ್ದರೆ ಅದನ್ನು ಸಿಮೆಂಟು ಗಾರೆಯಿಂದ ಮುಚ್ಚತಕ್ಕದ್ದು. ಗಡಿಗೆಗೆ ನೀರು ತುಂಬಿ ನೆರಳಿನಲ್ಲಿಟ್ಟಾಗ ಹೊರಮೈ ಒದ್ದೆಯಾದರೆ ಅದು ಯೋಗ್ಯವೆಂದು ತಿಳಿಯಬೇಕು. ಎಣ್ಣೆ ತುಂಬಿದ್ದ ಗಡಿಗೆಯೂ ಬಣ್ಣ ಬಳಿದ ಗಡಿಗೆಯೂ ಪ್ರಯೋಜನಕ್ಕೆ ಬಾರವು. ಅವುಗಳ ಸೂಕ್ಷ್ಮರಂಧ್ರಗಳು ಮುಚ್ಚಿಹೋಗಿರುತ್ತವೆ. ಸಸಿಯ ಬುಡದಿಂದ ಸುಮಾರು ಒಂದು ಗೇಣು ದೂರದಲ್ಲಿ, ಬೇರು ಕಡಿಯದಂತೆ ಗುಣಿ ತೋಡಿ, ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಗಡಿಗೆಯನ್ನು ಹೂಳಿ, ಸುತ್ತಲಿನ ಮಣ್ಣನ್ನು ಚೆನ್ನಾಗಿ ಒತ್ತಬೇಕು. ನಡುವೆ ಟೊಳ್ಳು ಉಳಿದರೆ ನೀರು ಮಣ್ಣಿಗೆ ಸೇರದು. ಬಾಯಿಗೆ ಹಂಚನ್ನಾಗಲಿ ಚಪ್ಪಡಿಯನ್ನಾಗಲಿ ಮುಚ್ಚದಿದ್ದರೆ ಸೊಳ್ಳೆಗಳು ಹುಟ್ಟುವುವು. ಸುತ್ತಣ ಮಣ್ಣು ಒಣಗಿದಷ್ಟೂ ನೀರು ಹೆಚ್ಚಾಗಿ ಒಸರುತ್ತದೆ, ಹಸಿಯಾದಂತೆ ಕಡಮೆಯಾಗುತ್ತದೆ. ಆದಕಾರಣ ಹಗಲಿಡೀ ಕಾವಲು ಬೇಕಾಗಿಲ್ಲ. ಮರುತುಂಬುವ ದಿನವನ್ನು ಲೆಕ್ಕದಿಂದಲ್ಲ, ಗಡಿಗೆಯೊಳಗೆ ಕಡ್ಡಿ ಇಳಿಸಿ ನೋಡಿ ಗೊತ್ತುಮಾಡುವುದು ಮೇಲು. ಒಂದೆರಡು ಬೇಸಗೆಗಳಾದ ಮೇಲೆ ಗಡಿಗೆಯನ್ನು ತೆಗೆದು ತೆಂಗಿನ ನಾರಿನಿಂದ ಉಜ್ಜತಕ್ಕದ್ದು. ಇಲ್ಲದಿದ್ದರೆ ಉಪ್ಪೂ ಕೆಸರೂ ಕಟ್ಟಿ ಒಸರುವುದು ನಿಲ್ಲುತ್ತದೆ.

ಈ ಪದ್ಧತಿಯು ಹೊಸದಲ್ಲ. ಚೀನಾ ದೇಶದಲ್ಲಿ ಕ್ರಿ. ಪೂ. 1ನೆಯ ಶತಮಾನದ ಬೇಸಾಯ ಗ್ರಂಥದಲ್ಲಿಯೇ ಇದರ ವಿವರಣೆಯುಂಟು. ಹರಿಯಾಣದ ಕರ್ನಾಲದಲ್ಲಿರುವ ಮಣ್ಣಿನ ಲವಣತ್ವ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಇದೇ ರೀತಿ ತರಕಾರಿಗಳನ್ನು ಬೆಳೆದು ಪರೀಕ್ಷಿಸಲಾಯಿತು.

ತೂತುಬಿದ್ದ ರಬ್ಬರು ಕೊಳವೆಯು ತರಕಾರಿ ಮಡಿಗಳಿಗೆ ಒಳ್ಳೆಯದು. ಅದರ ಒಂದು ತುದಿಯನ್ನು ಮಡಿಸಿ ಕಟ್ಟಿ, ಸಾಲಿನ ಉದ್ದಕ್ಕೆ ಹಾಸಿ, ಮತ್ತೊಂದು ತುದಿಯನ್ನು ಸೊಂಟದೆತ್ತರದ ಕಟ್ಟೆಯ ಮೇಲಿಟ್ಟ ಪೀಪಾಯಿಗೆ ಸೇರಿಸಬೇಕು. ಗಿಡವಿಲ್ಲದ ಕಡೆಯ ತೂತುಗಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಗಿಡವಿರುವೆಡೆ ಕಾದ ದಬ್ಬಳದಿಂದ ಚುಚ್ಚಬಹುದು. ನೀರನ್ನು ಬಟ್ಟೆಯಲ್ಲಿ ಸೋಸದಿದ್ದರೆ ತೂತುಗಳು ಮುಚ್ಚುವುವು.

ಔಷಧ ಸಿಂಪಡಿಸುವ ಹಳೆಯ ಪಂಪನ್ನು ಮಾತ್ರ ನೀರು ಹಾಕಲು ಉಪಯೋಗಿಸಲೇಬಾರದು. ಅದರಲ್ಲಿ ಕಳೆನಾಶಕವಿದ್ದಿದ್ದರೆ, ಬರಿಯ ನೀರಿನಿಂದ ತೊಳೆದ ಮೇಲೂ ಉಳಿದ ಅಲ್ಪಾಂಶವು ಟೊಮೇಟೊ, ದ್ರಾಕ್ಷಿ, ಹತ್ತಿ ಗಿಡಗಳ ಎಲೆಗಳನ್ನು ಮುರುಟಿಸಬಲ್ಲುದು. ಔಷಧದ ಖಾಲಿ ಡಬ್ಬವನ್ನು ಮನೆಯವರು ಕುಡಿಯುವ ನೀರಿಗೆ ಬಳಸುವುದು ಇನ್ನೂ ಘೋರವಾದ ಅಪಾಯ. ಗ್ರಾಮದ ಮುಖ್ಯಸ್ಥರು ಇಂತಹ ಡಬ್ಬಗಳನ್ನು ಮೂರು ಸಲ ತೊಳೆಯಿಸಿ, ತೊಳೆದ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಸೇರಿಸಿ, ತಳವನ್ನು ಚುಚ್ಚಿಸಿ, ಮಕ್ಕಳ ಕೈಗೆ ಸಿಕ್ಕದಂತೆ ಬೀಗದಲ್ಲಿಡಿಸತಕ್ಕದ್ದು.