ವೈನಿಗೆ ಕುದುರೆ ಲಾಯದ ವಾಸನೆ ಯಾಕೆ ಬರುತ್ತೆ?

ವೈನ್ ಅಂದ ಕೂಡಲೇ ಲಾಸ್ಟ್ ಬೆಂಚಿನವರು ನೆಟ್ಟಗೆ ಕೂತಿರ್ತೀರ. ಸಾರಿ, ಇದು ಕುಡಿಯೋ ಪಾಠ ಅಲ್ಲ, ಕೆಡೋ ಪಾಠ.

ದ್ರಾಕ್ಷಿ ರಸವನ್ನು ವೈನ್ ಮಾಡೋದು ಯೀಸ್ಟ್; ಅದನ್ನು ಕೆಡಿಸೋದೂ ಯೀಸ್ಟೇ. ಕೆಂಪು ವೈನಿನ ದೊಡ್ಡ ತಲೆನೋವು ಬ್ರೆಟ್ಟನೊಮೈಸಿಸ್, ಮುದ್ದಿನ ಹೆಸರು ಬ್ರೆಟ್. 1904ರಲ್ಲಿ ಕಾರ್ಲ್ಸ್‌ಬರ್ಗ್‌ನ ಕ್ಲಾಸೆನ್ ಇದನ್ನು ಇಂಗ್ಲಿಷ್ ಬಿಯರಿನಿಂದ ಗುರುತಿಸಿ ಹೆಸರಿಟ್ಟ. ಅಲ್ಲಿ ರುಚಿ ಕೊಟ್ಟಿದ್ದೇ ವೈನಿನಲ್ಲಿ ರೋಗ! ಓಕ್ ಪೀಪಾಯಿಯ ಮರದೊಳಗೆ ಸೇರಿಕೊಂಡು, ಅಳಿದುಳಿದ ಸಕ್ಕರೆ ತಿಂದು ತಿಂಗಳುಗಟ್ಟಲೆ ಬದುಕುತ್ತೆ. ದ್ರಾಕ್ಷಿಯಲ್ಲಿರುವ ಕೂಮಾರಿಕ್ ಆಮ್ಲವನ್ನು ಎರಡು ಹಂತದಲ್ಲಿ 4-ಈಥೈಲ್‌ಫೀನಾಲ್ ಮಾಡುತ್ತೆ. ಲೀಟರಿಗೆ ಅರ್ಧ ಮಿಲಿಗ್ರಾಂನಷ್ಟಾದರೂ ಸಾಕು, ಕುದುರೆ ಲಾಯದ ವಾಸನೆ.

ಹಳೇ ಮದ್ದು ಸಲ್ಫರ್ ಡೈಆಕ್ಸೈಡ್. ಇಲ್ಲೊಂದು ಲೆಕ್ಕ ಇದೆ. ಯೀಸ್ಟಿನ ಪೊರೆ ದಾಟಿ ಒಳಗೆ ಹೋಗೋದು ಆವೇಶ ಇಲ್ಲದ ಅಣು ಮಾತ್ರ. ಬೈಸಲ್ಫೈಟ್ ಆದರೆ ಹೊರಗೇ ನಿಲ್ಲುತ್ತೆ. ಇದರ ಪಿಕೆಎ 1.81. ಪಿಯುಸಿಯಲ್ಲಿ ಬೈಹಾರ್ಟ್ ಮಾಡಿದ ಹೆಂಡರ್ಸನ್ ಸಮೀಕರಣ ಹಾಕಿ: ಪಿಎಚ್ 3.2 ಇದ್ದಾಗ ಸುಮಾರು ನೂರಕ್ಕೆ 4 ಭಾಗ ಕೆಲಸ ಮಾಡುತ್ತೆ, 3.8 ಆದರೆ ಬರೀ 1 ಭಾಗ. ಅಂದ್ರೆ ಲೀಟರಿಗೆ 0.8 ಮಿಲಿಗ್ರಾಂ ಅಣುರೂಪದಲ್ಲಿ ಬೇಕು ಅಂದ್ರೆ ಮೊದಲನೆಯದರಲ್ಲಿ 20 ಮಿಲಿಗ್ರಾಂ ಸಾಕು, ಎರಡನೆಯದರಲ್ಲಿ ಹತ್ತಿರ ಹತ್ತಿರ 80. ಬಿಸಿಲು ಜಾಸ್ತಿ ಇರೋ ಕಡೆ ಹಣ್ಣಿನ ಹುಳಿ ಇಳಿದು ಪಿಎಚ್ ಏರುತ್ತೆ, ಗ್ಯಾಸೂ ಏರಿಸಬೇಕಾಗುತ್ತೆ.

ಏರಿಸಿದ್ರೆ ಏನಂತೆ ಅಂತೀರಾ? ನಾನು ಬ್ಯಾಗಲ್ಲಿ ಇನ್ಹೇಲರ್ ಇಟ್ಕೊಂಡು ಓಡಾಡೋ ಪಾರ್ಟಿ. ಸಲ್ಫೈಟ್ ಕೆಲವು ಅಸ್ತಮಾದವರಿಗೆ ಉಸಿರು ಕಟ್ಟಿಸುತ್ತೆ. ವೈನ್ ಮುಟ್ಟದಿದ್ರೂ ತಪ್ಪಿಸ್ಕೊಳ್ಳೋಕಾಗಲ್ಲ: ಬಂಗಾರದ ಬಣ್ಣದ ಒಣದ್ರಾಕ್ಷಿ ಪ್ಯಾಕೆಟ್ ಹಿಂದೆ ಐಎನ್‌ಎಸ್ 220 ಅಂತ ಇದ್ರೆ ಅದೂ ಇದೇ ಗ್ಯಾಸು. ಈಗ ನಾನು ಓದಿ ನೋಡದೆ ತಿನ್ನಲ್ಲ.

ಬದಲಿ ಮದ್ದುಗಳಲ್ಲಿ ನನಗೆ ಇಷ್ಟವಾಗಿದ್ದು ಕೈಟೋಸಾನ್. ಸಾಮಾನ್ಯವಾಗಿ ಸೀಗಡಿ ಚಿಪ್ಪಿನಿಂದ ತೆಗೀತಾರೆ, ಆದರೆ ಯುರೋಪಿನಲ್ಲಿ ವೈನಿಗೆ ಒಪ್ಪಿಗೆ ಇರೋದು ಆಸ್ಪರ್ಜಿಲಸ್ ನೈಗರ್ ಶಿಲೀಂಧ್ರದ್ದಕ್ಕೆ. ಹಾಗಾಗಿ ಸೀಗಡಿ ಅಲರ್ಜಿಯ ಭಯ ಇಲ್ಲ. ವೈನಿನ ಹುಳಿಯಲ್ಲಿ ಇದರ ಅಮೈನ್ ಗುಂಪುಗಳಿಗೆ ಪ್ರೋಟಾನ್ ಅಂಟಿ ಧನಾವೇಶ ಬರುತ್ತೆ. ಬ್ರೆಟ್ ಕೋಶದ ಹೊರಮೈ ಋಣಾವೇಶ. ಎರಡೂ ಅಂಟಿಕೊಂಡು ಪೊರೆ ತೂತಾಗುತ್ತೆ, ಕೋಶಗಳು ತಳಕ್ಕೆ ಕೂರುತ್ತವೆ. ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿದರೆ ಆಯ್ತು. ಲೀಟರಿಗೆ 100 ಮಿಲಿಗ್ರಾಂ ಮೇಲೆ ಹಾಕುವಂತಿಲ್ಲ.

ಬೇರೆ ಯೀಸ್ಟಿನ ಕಿಲ್ಲರ್ ಟಾಕ್ಸಿನ್ ಬಿಟ್ಟು ಬ್ರೆಟ್ ಕೊಲ್ಲೋ ಪ್ರಯೋಗಗಳೂ ಇವೆ, ಮುಳ್ಳನ್ನು ಮುಳ್ಳಿಂದಲೇ ತೆಗೆದಂಗೆ.

ಸಲ್ಫರನ್ನು ಪೂರ್ತಿ ಓಡಿಸೋಕೆ ಮಾತ್ರ ಇನ್ನೂ ಆಗಿಲ್ಲ. ಅದು ಗಾಳಿಯ ಆಕ್ಸಿಜನ್‌ನಿಂದಲೂ ವೈನ್ ಕಾಯುತ್ತೆ. ಆ ಡ್ಯೂಟಿಗೆ ಕೈಟೋಸಾನ್ ಸಾಲಲ್ಲ. ಪೀಪಾಯಿ ಸಂದಿಯಲ್ಲಿ ಅಡಗಿರೋ ಬ್ರೆಟ್‌ಗಂತೂ ವೈನಿಗೆ ಹಾಕಿದ ಪುಡಿ ಮುಟ್ಟೋದೇ ಕಷ್ಟ. ಅಲ್ಲಿಗೆ ಬಿಸಿ ನೀರು, ಹಬೆಯೇ ಗತಿ.