ಪಟ್ಟ ತಪ್ಪಿದವರನ್ನು ಉಳಿಸಿಕೊಳ್ಳುವುದು ಹೇಗೆ?

ಒಂದು ಪೀಠಕ್ಕೆ ಮೂವರು ಅರ್ಹರಿದ್ದರೂ ಅದನ್ನೇರುವವನು ಒಬ್ಬನೇ. ಉಳಿದಿಬ್ಬರ ಗತಿಯೇನು? ರಾಜ್ಯಗಳ ಚರಿತ್ರೆಯಲ್ಲಿ ದಾಯಾದಿ ಕಲಹವನ್ನು ಹುಟ್ಟಿಸಿದ ಈ ಪ್ರಶ್ನೆ ದೊಡ್ಡ ಉದ್ಯಮಗಳಲ್ಲಿ ಬೇರೊಂದು ರೂಪದಿಂದ ತಲೆದೋರುತ್ತದೆ. ಇಲ್ಲಿ ಕತ್ತಿ ಮಸೆಯುವವರಿಲ್ಲ, ರಾಜೀನಾಮೆ ಬರೆಯುವವರಿದ್ದಾರೆ. ಅವರೊಡನೆ ಬಹುಕಾಲದ ಅನುಭವವೂ ಹೊರಟುಹೋಗುತ್ತದೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ನಿದರ್ಶನಗಳನ್ನು ನೋಡೋಣ. 1981ರಲ್ಲಿ ಜ್ಯಾಕ್ ವೆಲ್ಚ್ ಅಧ್ಯಕ್ಷರಾದಾಗ, ಅವರೊಡನೆ ಸ್ಪರ್ಧೆಯಲ್ಲಿದ್ದ ಜಾನ್ ಬರ್ಲಿಂಗೇಮ್ ಮತ್ತು ಎಡ್ವರ್ಡ್ ಹುಡ್ ಉಪಾಧ್ಯಕ್ಷರಾಗಿ ಕಂಪನಿಯಲ್ಲಿಯೇ ಮುಂದುವರಿದರು. ಆದರೆ 2000ದ ನವೆಂಬರಿನಲ್ಲಿ ವೆಲ್ಚ್‌ರ ಉತ್ತರಾಧಿಕಾರಿಯಾಗಿ ಜೆಫ್ರಿ ಇಮ್ಮೆಲ್ಟ್ ಆಯ್ಕೆಯಾದಾಗ ನಡೆದದ್ದು ಬೇರೆ. ಮರುತಿಂಗಳೇ ರಾಬರ್ಟ್ ನಾರ್ಡೆಲ್ಲಿಯವರನ್ನು ಹೋಂ ಡಿಪೋ ಕಂಪನಿಯೂ, ಜೇಮ್ಸ್ ಮ್ಯಾಕ್‌ನರ್ನಿಯವರನ್ನು ತ್ರೀ-ಎಂ ಕಂಪನಿಯೂ ಮುಖ್ಯಸ್ಥರನ್ನಾಗಿ ಆರಿಸಿಕೊಂಡವು. ಸೋತವರು ನಿಲ್ಲುವುದಿಲ್ಲವೆಂದೇ ಎಣಿಸಿದ್ದ ವೆಲ್ಚ್, ಅವರ ವಿಭಾಗಗಳಿಗೆ ಬದಲಿ ವ್ಯಕ್ತಿಗಳನ್ನು ಮೊದಲೇ ಅಣಿಗೊಳಿಸಿದ್ದರು. 2005ರಲ್ಲಿ ಮ್ಯಾಕ್‌ನರ್ನಿ ಬೋಯಿಂಗ್ ಕಂಪನಿಯ ಮುಖ್ಯಸ್ಥರೂ ಆದರು. ಪಟ್ಟ ತಪ್ಪಿದವರೆಲ್ಲ ಅಸಮರ್ಥರಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಅವರು ಏಕೆ ಹೊರಡುತ್ತಾರೆ? ಎಡ್ವರ್ಡ್ ಲೇಜಿಯರ್ ಮತ್ತು ಶೆರ್ವಿನ್ ರೋಸನ್ ಎಂಬ ಅರ್ಥಶಾಸ್ತ್ರಜ್ಞರು 1981ರಲ್ಲಿ ಬಡ್ತಿಯನ್ನು ಪಂದ್ಯಕ್ಕೆ ಹೋಲಿಸಿದರು. ಮೇಲಿನ ಸ್ಥಾನದ ದೊಡ್ಡ ಬಹುಮಾನವು ಕೆಳಗಿನವರೆಲ್ಲರ ಶ್ರಮಕ್ಕೂ ಪ್ರೇರಣೆ. ಆದರೆ ಪಂದ್ಯ ಮುಗಿದೊಡನೆ ಆ ಪ್ರೇರಣೆಯೂ ಮುಗಿಯುತ್ತದೆ. ಆಯ್ಕೆಯಾದಾಗ ಇಮ್ಮೆಲ್ಟ್‌ರಿಗೆ 44 ವರ್ಷ; ಉಳಿದಿಬ್ಬರೂ ಐವತ್ತನ್ನು ದಾಟಿದ್ದರು. ಮುಂದಿನ ಸರದಿಗೆ ಕಾಯುವುದು ಅವರಿಗೆ ಸಾಧ್ಯವಿರಲಿಲ್ಲ.

ಎರಡನೆಯ ಕಾರಣ ಮನಸ್ಸಿನದು. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೈನಿಕರನ್ನು ಕುರಿತು ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1949ರಲ್ಲಿ ಪ್ರಕಟವಾಯಿತು. ಬಡ್ತಿ ವಿರಳವಾಗಿದ್ದ ಸೇನಾ ಪೊಲೀಸರಿಗಿಂತ ಬಡ್ತಿ ಹೇರಳವಾಗಿದ್ದ ವಾಯುದಳದವರಲ್ಲಿಯೇ ಆ ವಿಷಯದಲ್ಲಿ ಅಸಮಾಧಾನ ಹೆಚ್ಚಾಗಿತ್ತು! ಮನುಷ್ಯನು ತನ್ನ ಸ್ಥಿತಿಯನ್ನು ಅಳೆಯುವುದು ಪಕ್ಕದವನೊಡನೆ ಹೋಲಿಸಿ. ಇದಕ್ಕೆ ಸಾಪೇಕ್ಷ ಅಭಾವವೆಂದು ಹೆಸರು. ನಿನ್ನೆಯವರೆಗೆ ಸಮಾನನಾಗಿದ್ದವನು ಇಂದು ಮೇಲಧಿಕಾರಿಯಾದರೆ ಆಗುವ ನೋವನ್ನು ಸಂಬಳದ ಹೆಚ್ಚಳ ಅಳಿಸಲಾರದು.

ಹಾಗಾದರೆ ಉಪಾಯವೇನು? ಮನಶ್ಶಾಸ್ತ್ರಜ್ಞ ಜಾನ್ ತಿಬೋ ಮತ್ತು ನ್ಯಾಯಶಾಸ್ತ್ರಜ್ಞ ಲಾರೆನ್ಸ್ ವಾಕರ್ 1975ರಲ್ಲಿ ಒಂದು ದಾರಿಯನ್ನು ತೋರಿದರು: ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶ ದೊರೆತವನು, ತೀರ್ಪು ತನಗೆ ಪ್ರತಿಕೂಲವಾದರೂ ಅದರ ವಿಧಾನವನ್ನು ನ್ಯಾಯವೆಂದು ಒಪ್ಪುವ ಸಂಭವ ಹೆಚ್ಚು. ಆದುದರಿಂದ ಸುದ್ದಿಯನ್ನು ಪತ್ರಿಕೆಗಿಂತ ಮೊದಲು ಅವನಿಗೇ ತಿಳಿಸಬೇಕು. ಕಾರಣವನ್ನು ಮುಚ್ಚಿಡದೆ ಹೇಳಬೇಕು. ನಿಜವಾದ ಅಧಿಕಾರವುಳ್ಳ ಕಾರ್ಯಭಾರವನ್ನು ವಹಿಸಬೇಕು. ಬರಿಯ ಹಣ ಕಟ್ಟಿಹಾಕುವುದು ಒಪ್ಪಂದದ ಅವಧಿಯವರೆಗೆ ಮಾತ್ರ. ಪಂಜರ ಬಂಗಾರದ್ದಾದರೂ ಪಂಜರವೇ.

ಇಷ್ಟಾದರೂ ಕೆಲವರು ಹೊರಡುವರು. ಅಂಥವರನ್ನು ಗೌರವದಿಂದ ಬೀಳ್ಕೊಡುವುದೂ ಆಡಳಿತದ ಧರ್ಮವೇ. ಸೋತವರನ್ನು ಸಂಸ್ಥೆ ಹೇಗೆ ಕಂಡಿತೆಂಬುದನ್ನು, ನಾಳೆ ಸ್ಪರ್ಧೆಗಿಳಿಯಬೇಕಾದವರು ಇಂದೇ ನೋಡುತ್ತಿರುತ್ತಾರೆ.