ಶಾಲೆಯ ಅಂಗಳಕ್ಕೆ ಹಕ್ಕಿಗಳು: ಕಾಳಿನ ಆಯ್ಕೆ, ತಟ್ಟೆಯ ಆಯ್ಕೆ

(ಪರಿಸರ ಅಧ್ಯಯನ ಮತ್ತು ಕನ್ನಡ ಭಾಷೆ; 4ರಿಂದ 7ನೆಯ ತರಗತಿಗಳಿಗೆ)

ಪೀಠಿಕೆ

ದಿಂಬಂ ಘಟ್ಟದ 27 ತಿರುವುಗಳನ್ನು ಏರಿ ಹಾಸನೂರನ್ನು ದಾಟಿದರೆ ತಾಳವಾಡಿ ಸೀಮೆಯ ಹೊಲಗಳು ತೆರೆದುಕೊಳ್ಳುತ್ತವೆ. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. ನಡುವೆ ರಾಗಿ, ಮುಸುಕಿನ ಜೋಳ, ಅರಿಸಿನ, ಬಾಳೆ, ಎಲೆಕೋಸಿನ ಬೆಳೆಗಳು. ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರು ರೈತರ ಮಕ್ಕಳು. ಹಕ್ಕಿಯ ಪರಿಚಯ ಅವರಿಗೆ ಪುಸ್ತಕದಿಂದ ಆಗಬೇಕಾಗಿಲ್ಲ. ತೆನೆ ಕಟ್ಟಿದ ಹೊಲದಲ್ಲಿ ತಗಡಿನ ಡಬ್ಬ ಬಡಿದು, ಕೂಗು ಹಾಕಿ ಹಕ್ಕಿ ಓಡಿಸಿದ ಮಗು, ಯಾವ ಹಕ್ಕಿ ಯಾವ ತೆನೆಯ ಮೇಲೆ ಕೂರುತ್ತದೆ ಎಂಬುದನ್ನು ಆಗಲೇ ಅರಿತಿರುತ್ತದೆ. ಆದರೆ ತರಗತಿಯಲ್ಲಿ ಹಕ್ಕಿಯ ಪಾಠ ಬಂದಾಗ ಅದೇ ಮಗು ಚಿತ್ರವನ್ನು ನೋಡಿ ಪುಸ್ತಕದ ಹೆಸರನ್ನು ಉರುಹೊಡೆಯುತ್ತದೆ. ಹೊಲದ ತಿಳಿವಳಿಕೆ ಶಾಲೆಯ ಬಾಗಿಲಲ್ಲೇ ಉಳಿದುಬಿಡುತ್ತದೆ.

ಈ ಅಂತರವನ್ನು ತುಂಬಲು ಸುಲಭವಾದ ಸಾಧನವೆಂದರೆ ಶಾಲೆಯ ಅಂಗಳದಲ್ಲಿ ಹಕ್ಕಿಗಳಿಗೆ ಕಾಳಿಡುವ ತಟ್ಟೆ. ಯಾವ ಕಾಳು, ಎಂಥ ತಟ್ಟೆ ಎಂಬ ಪ್ರಶ್ನೆಗೆ ಶಿಕ್ಷಕರು ಉತ್ತರ ಹೇಳಬಾರದು. ಮಕ್ಕಳೇ ತಮ್ಮ ಅನುಭವದಿಂದ ಊಹಿಸಿ, ಪ್ರಯೋಗದಿಂದ ಪರೀಕ್ಷಿಸಿ ಕಂಡುಕೊಳ್ಳಬೇಕು.

ಕಲಿಕೆಯ ಉದ್ದೇಶಗಳು

1. ಕೊಕ್ಕಿನ ಆಕಾರಕ್ಕೂ ಆಹಾರಕ್ಕೂ ಇರುವ ಸಂಬಂಧವನ್ನು ಗುರುತಿಸುವುದು.
2. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪ್ರಯೋಗ ಮಾಡುವುದು, ಫಲಿತಾಂಶವನ್ನು ಕೋಷ್ಟಕದಲ್ಲಿ ದಾಖಲಿಸುವುದು.
3. ಮನೆಮಾತಿನ ಹಕ್ಕಿಹೆಸರುಗಳನ್ನು ಸಂಗ್ರಹಿಸಿ, ಕನ್ನಡದಲ್ಲಿ ವೀಕ್ಷಣೆಯ ವರದಿ ಬರೆಯುವುದು.

ಶಿಕ್ಷಕರಿಗೆ ವಿಷಯ ಪರಿಚಯ

ಕಾಳನ್ನು ಆರಿಸುವವನು ಹಕ್ಕಿಯನ್ನೂ ಆರಿಸುತ್ತಾನೆ. ಗುಬ್ಬಚ್ಚಿ, ರಾಟವಾಳ, ಗೀಜಗಗಳ ಕೊಕ್ಕು ಗಿಡ್ಡ, ಬುಡದಲ್ಲಿ ದಪ್ಪ. ಕಾಳಿನ ಸಿಪ್ಪೆ ಬಿಡಿಸಲು ತಕ್ಕದ್ದು. ಇವುಗಳಿಗೆ ರಾಗಿ, ನವಣೆ, ಸಾಮೆ, ನುಚ್ಚಕ್ಕಿಯಂಥ ಸಣ್ಣ ಕಾಳು ಹಿತ. ಬೆಳವ ಮೆಲ್ಲಗೆ ನಡೆಯುತ್ತ ನೆಲದ ಮೇಲಿನ ಕಾಳನ್ನು ಹೆಕ್ಕಿ ಇಡಿಯಾಗಿ ನುಂಗುತ್ತದೆ. ಅರೆಯುವ ಕೆಲಸ ಹೊಟ್ಟೆಯೊಳಗೆ ನಡೆಯುತ್ತದೆ. ಅದಕ್ಕೆ ಸಜ್ಜೆ, ಬಿಳಿಜೋಳ, ಒಡೆದ ಮುಸುಕಿನ ಜೋಳ ಸಾಕು. ಗಿಳಿಯ ಬಾಗಿದ ಕೊಕ್ಕು ಸೂರ್ಯಕಾಂತಿಯ ಗಟ್ಟಿ ಸಿಪ್ಪೆಯನ್ನೂ ಸೀಳಬಲ್ಲುದು.

ಕಾಳನ್ನು ಎಷ್ಟೇ ಇಟ್ಟರೂ ತಟ್ಟೆಗೆ ಬಾರದ ಹಕ್ಕಿಗಳೂ ಇವೆ. ಪಿಕಳಾರಕ್ಕೆ ಹಣ್ಣು ಬೇಕು. ಸೂರಕ್ಕಿಗೆ ದಾಸವಾಳದಂಥ ಹೂವಿನ ಮಕರಂದ ಬೇಕು. ಕಾಜಾಣ ಹಾರುವ ಹುಳುವನ್ನು ಗಾಳಿಯಲ್ಲೇ ಹಿಡಿಯುತ್ತದೆ. ಹರಟೆಮಲ್ಲಗಳ ಗುಂಪು ಒಣಗಿದ ಎಲೆಗಳನ್ನು ಕೆದಕಿ ಹುಳು ಹುಡುಕುತ್ತದೆ. ಅಂಗಳದ ಒಂದು ಮೂಲೆಯಲ್ಲಿ ತರಗೆಲೆಯನ್ನು ಗುಡಿಸದೆ ಬಿಡುವುದೇ ಅವುಗಳಿಗೆ ಇಟ್ಟ ಊಟ. ಹೀಗೆ ತಟ್ಟೆ, ಹೂಗಿಡ, ಹಣ್ಣಿನ ಮರ, ತರಗೆಲೆ, ನೀರು ಎಲ್ಲವೂ ಸೇರಿದರೆ ಮಾತ್ರ ಅಂಗಳ ಪೂರ್ಣವಾಗುತ್ತದೆ.

ಹುಚ್ಚೆಳ್ಳಿನ ವಿಷಯವನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಡುವ, ಮನೆಯಲ್ಲಿ ಚಟ್ನಿಪುಡಿಯಾಗುವ ಈ ಕಪ್ಪು ಬೀಜವನ್ನು ಅಮೆರಿಕ, ಯುರೋಪಿನ ಮನೆಗಳ ಕೈತೋಟಗಳಲ್ಲಿ ಹಕ್ಕಿಗಳಿಗೆಂದೇ ಬೆಲೆ ಕೊಟ್ಟು ಕೊಳ್ಳುತ್ತಾರೆ. ಭಾರತ ಮತ್ತು ಇಥಿಯೋಪಿಯಗಳಿಂದ ಅಲ್ಲಿಗೆ ಹುಚ್ಚೆಳ್ಳು ರಫ್ತಾಗುತ್ತದೆ. ಬಿದ್ದ ಬೀಜ ಮೊಳೆಯದಿರಲೆಂದು ಅಮೆರಿಕಕ್ಕೆ ಹೋಗುವ ಬೀಜವನ್ನು ಶಾಖದಿಂದ ಸಂಸ್ಕರಿಸುತ್ತಾರೆ. ತನ್ನ ಅಜ್ಜಿಯ ಹೊಲದ ಅಂಚಿನ ಬೆಳೆ ಲೋಕದ ಇನ್ನೊಂದು ಬದಿಯ ಹಕ್ಕಿಯ ಊಟವೆಂದು ತಿಳಿದ ಮಗುವಿಗೆ ಭೂಗೋಳದ ಪಾಠವೂ ಹತ್ತಿರವಾಗುತ್ತದೆ.

ಇಡಬಾರದ ಕಾಳು

ಚಟುವಟಿಕೆಗೆ ಮೊದಲು ಶಿಕ್ಷಕರು ಈ ಭಾಗವನ್ನು ತಪ್ಪದೆ ಓದಬೇಕು. ಮನೆಯಿಂದ ಒಂದು ಹಿಡಿ ಕಾಳು ತನ್ನಿರೆಂದರೆ ಕೆಲವು ಮಕ್ಕಳು ಬಿತ್ತನೆ ಬೀಜವನ್ನೇ ತರುವ ಸಂಭವವಿದೆ. ಅಂಗಡಿಯಲ್ಲಿ ಕೊಂಡ ಮುಸುಕಿನ ಜೋಳ, ಸೂರ್ಯಕಾಂತಿ ಮುಂತಾದ ಬಿತ್ತನೆ ಬೀಜಗಳಿಗೆ ಕೀಟನಾಶಕ, ಶಿಲೀಂಧ್ರನಾಶಕಗಳ ಲೇಪನ ಇರುತ್ತದೆ. ಇದಕ್ಕೆ ಬೀಜೋಪಚಾರವೆಂದು ಹೆಸರು. ಗುರುತಿಗಾಗಿ ಗುಲಾಬಿ, ಕೆಂಪು, ಹಸಿರು, ನೀಲಿ ಬಣ್ಣವನ್ನೂ ಸೇರಿಸಿರುತ್ತಾರೆ. ಇಂಥ ಬೀಜ ಹಕ್ಕಿಗೆ ವಿಷ. ಮಗುವಿನ ಕೈಗೂ ಬಾಯಿಗೂ ಅಪಾಯ. ಆದ್ದರಿಂದ ಅಡುಗೆಮನೆಯ ಕಾಳನ್ನಷ್ಟೇ, ದೊಡ್ಡವರ ಕೈಯಿಂದ ಪಡೆದು ತರಬೇಕೆಂದು ಹಿಂದಿನ ದಿನವೇ ಪೋಷಕರಿಗೆ ತಿಳಿಸಬೇಕು. ಬಣ್ಣ ಹತ್ತಿದ ಬೀಜ ಬಂದರೆ ಅದನ್ನು ಮಕ್ಕಳಿಂದ ಪಡೆದು ಹಿಂದಿರುಗಿಸಿ, ಕೈ ತೊಳೆಸಬೇಕು.

ಮುಗ್ಗಿದ ಕಡಲೆಕಾಯಿಯಲ್ಲಿ ಬೆಳೆಯುವ ಶಿಲೀಂಧ್ರದ ವಿಷವೂ ಹಕ್ಕಿಗೆ ಮಾರಕ. ಉಪ್ಪು, ಖಾರ, ಎಣ್ಣೆ ಸೇರಿದ ತಿಂಡಿಯನ್ನೂ ಮಧ್ಯಾಹ್ನದ ಊಟದಲ್ಲಿ ಉಳಿದ ಸಾಂಬಾರು ಅನ್ನವನ್ನೂ ತಟ್ಟೆಗೆ ಹಾಕಬಾರದು. ಅದು ಇಲಿ, ನಾಯಿಗಳನ್ನು ಕರೆಯುತ್ತದೆ.

ತಟ್ಟೆಯ ಆಯ್ಕೆ

ಕೊಂಡು ತರಬೇಕಾದ ವಸ್ತು ಯಾವುದೂ ಇಲ್ಲ. ನೆಲದಲ್ಲಿ ಹೆಕ್ಕುವ ಬೆಳವಕ್ಕೆ ಚಪ್ಪಟೆ ಕಲ್ಲು ಅಥವಾ ಅಗಲವಾದ ಮಣ್ಣಿನ ತಟ್ಟೆ ಸಾಕು. ಗುಬ್ಬಚ್ಚಿಗೆ ಮೂರು ದಾರಗಳಿಂದ ತೂಗುಹಾಕಿದ ತೆಂಗಿನ ಚಿಪ್ಪು ಒಗ್ಗುತ್ತದೆ. ಮಳೆನೀರು ನಿಲ್ಲದಂತೆ ಅದರ ತಳದಲ್ಲಿ ಸಣ್ಣ ರಂಧ್ರ ಕೊರೆಯಬೇಕು. ರಾಟವಾಳ ತೆನೆಗೇ ಜೋತುಬಿದ್ದು ತಿನ್ನುವ ಹಕ್ಕಿ. ನವಣೆ ಅಥವಾ ರಾಗಿಯ ತೆನೆಗಳನ್ನು ಗೊಂಚಲಾಗಿ ಕಟ್ಟಿ ಸೂರಿನಡಿ ತೂಗುಹಾಕಬೇಕು. ಸುಗ್ಗಿಯಲ್ಲಿ ಭತ್ತದ ತೆನೆಗಳ ತೋರಣ ಕಟ್ಟುವ ಹಳೆಯ ಮನೆಗಳ ಪದ್ಧತಿಯನ್ನು ಇಲ್ಲಿ ನೆನಪಿಸಬಹುದು.

ಬೆಕ್ಕು ಅಡಗಲು ಪೊದೆ ತೀರ ಹತ್ತಿರ ಇರಬಾರದು. ಹೆದರಿದ ಹಕ್ಕಿ ಹಾರಿ ಕೂರಲು ಮರ ತುಂಬ ದೂರವೂ ಇರಬಾರದು. ಎರಡು ಮೂರು ಮೀಟರ್ ಅಂತರ ಸೂಕ್ತ.

ಕಾಡಂಚಿನ ಶಾಲೆಗಳಿಗೆ ಇನ್ನೊಂದು ಕಟ್ಟುನಿಟ್ಟಾದ ನಿಯಮವಿದೆ. ಒಂದೆರಡು ಗಂಟೆಗಳಲ್ಲಿ ತೀರುವಷ್ಟೇ ಕಾಳನ್ನು ಬೆಳಗ್ಗೆ ಇಡಬೇಕು. ಶಾಲೆ ಬಿಡುವ ಮೊದಲು ತಟ್ಟೆ, ಚೆಲ್ಲಿದ ಕಾಳು, ಹಣ್ಣಿನ ತುಂಡು ಎಲ್ಲವನ್ನೂ ತೆಗೆದಿಡಬೇಕು. ಕೋತಿ, ಹಂದಿ, ಆನೆಗಳಿಗೆ ಶಾಲೆಯಂಗಳದಲ್ಲಿ ಆಹಾರ ಸಿಗುವ ಅಭ್ಯಾಸವಾದರೆ ಅದರ ಕಷ್ಟ ಊರಿಗೆ ತಟ್ಟುತ್ತದೆ. ಆನೆಯ ದಾರಿಯಲ್ಲಿರುವ ಶಾಲೆಗಳು ಬಾಳೆ, ಹಲಸಿನ ಹಣ್ಣುಗಳನ್ನು ಹಗಲಿನಲ್ಲೂ ಇಡದಿರುವುದು ಲೇಸು.

ನೀರು ಮತ್ತು ಶುಚಿತ್ವ

ಬೇಸಗೆಯಲ್ಲಿ ಕಾಳಿಗಿಂತ ನೀರು ಮುಖ್ಯ. ಮೂರು ನಾಲ್ಕು ಸೆಂಟಿಮೀಟರ್ ಆಳದ ಮಣ್ಣಿನ ತಟ್ಟೆಯಲ್ಲಿ ನೀರು ತುಂಬಿ, ಸಣ್ಣ ಹಕ್ಕಿ ನಿಲ್ಲಲು ನಡುವೆ ಒಂದು ಕಲ್ಲಿಡಬೇಕು. ಸೊಳ್ಳೆ ಮರಿಯಾಗದಂತೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಉಜ್ಜಿ ತೊಳೆಯಬೇಕು.

ಕಾಳಿನ ತಟ್ಟೆಯನ್ನೂ ವಾರಕ್ಕೊಮ್ಮೆ ತೊಳೆದು ಬಿಸಿಲಿಗೆ ಒಣಗಿಸಬೇಕು. ಶುಚಿತ್ವ ಏಕೆ ಮುಖ್ಯವೆಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅಲ್ಲಿ 2005ರಿಂದೀಚೆಗೆ ಟ್ರೈಕೊಮೊನಾಸ್ ಎಂಬ ಪರಾವಲಂಬಿಯಿಂದ ಗ್ರೀನ್‌ಫಿಂಚ್ ಎಂಬ ಕಾಳುತಿನ್ನುವ ಹಕ್ಕಿಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಹಲವು ಹಕ್ಕಿಗಳು ಒಂದೆಡೆ ನೆರೆಯುವ ತಟ್ಟೆಗಳಲ್ಲಿ ಎಂಜಲಿನ ಮೂಲಕ ರೋಗ ಹರಡಿತು. 2021ರಲ್ಲಿ ಆ ಹಕ್ಕಿ ಬ್ರಿಟನ್ನಿನ ಕೆಂಪುಪಟ್ಟಿಗೆ ಸೇರಿತು. ಪ್ರೀತಿಯಿಂದ ಇಟ್ಟ ಊಟವೇ ಕೇಡಾಗಬಹುದೆಂಬ ಈ ಪಾಠ ಮಕ್ಕಳಿಗೂ ತಿಳಿದಿರಬೇಕು. ಕೆರೆದುಕೊಂಡು ಉಬ್ಬಿ ಕುಳಿತ, ನುಂಗಲಾರದ ಹಕ್ಕಿ ಕಂಡರೆ ಕೆಲವು ವಾರ ಕಾಳಿಡುವುದನ್ನು ನಿಲ್ಲಿಸಬೇಕು. ಸತ್ತ ಹಕ್ಕಿಯನ್ನು ಮಕ್ಕಳು ಮುಟ್ಟಬಾರದು.

ಚಟುವಟಿಕೆ: ಎರಡು ವಾರದ ಪ್ರಯೋಗ

ಮೊದಲ ವಾರ ಒಂದೇ ಅಳತೆಯ ನಾಲ್ಕು ಚಿಪ್ಪುಗಳನ್ನು ಒಂದೇ ಎತ್ತರದಲ್ಲಿ ತೂಗುಹಾಕಿ, ರಾಗಿ, ನವಣೆ, ಒಡೆದ ಮುಸುಕಿನ ಜೋಳ, ಸೂರ್ಯಕಾಂತಿಗಳನ್ನು ಸಮನಾಗಿ ಹಾಕಬೇಕು. ಯಾವ ಚಿಪ್ಪಿಗೆ ಯಾವ ಹಕ್ಕಿ ಬಂದೀತೆಂದು ಪ್ರತಿ ಗುಂಪೂ ಮೊದಲೇ ಊಹಿಸಿ ಬರೆದಿಡಬೇಕು. ದಿನವೂ ಒಂದೇ ಹೊತ್ತಿನಲ್ಲಿ 15 ನಿಮಿಷ ದೂರದಿಂದ ವೀಕ್ಷಿಸಿ, ಬಂದ ಹಕ್ಕಿ, ಎಣಿಕೆ, ಉಳಿದ ಕಾಳು ಇವನ್ನು ಗುರುತಿಸಬೇಕು. ಎರಡನೆಯ ವಾರ ಒಂದೇ ಕಾಳನ್ನು ನೆಲ, ಸೊಂಟದೆತ್ತರ, ಸೂರು ಈ ಮೂರು ಕಡೆ ಇಟ್ಟು ನೋಡಬೇಕು. ಕಾಳನ್ನೂ ಸ್ಥಳವನ್ನೂ ಒಟ್ಟಿಗೆ ಬದಲಿಸಿದರೆ ಏನು ತೊಂದರೆ ಎಂಬ ಪ್ರಶ್ನೆಯನ್ನು ಶಿಕ್ಷಕರು ಈ ಹಂತದಲ್ಲಿ ಎತ್ತಬೇಕು.

ಮೊದಲ ಕೆಲವು ದಿನ ಒಂದು ಹಕ್ಕಿಯೂ ಬಾರದಿರಬಹುದು. ಆಗ ಕೋಷ್ಟಕದಲ್ಲಿ ಸೊನ್ನೆಯನ್ನೇ ಬರೆಸಬೇಕು. ಬಾರದ ಹಕ್ಕಿಯನ್ನು ಬಂದಿತೆಂದು ಬರೆಯದಿರುವುದು ವಿಜ್ಞಾನದ ಮೊದಲ ಶಿಸ್ತು. 1998ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2013ರಿಂದ ಭಾರತದಲ್ಲೂ ಪ್ರತಿ ಫೆಬ್ರುವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿಗಣತಿಯಲ್ಲೂ ಕನಿಷ್ಠ 15 ನಿಮಿಷದ ವೀಕ್ಷಣೆಯನ್ನೇ ಕೇಳುತ್ತಾರೆ. ಅಭ್ಯಾಸವಾದ ಮಕ್ಕಳು ಶಿಕ್ಷಕರೊಡನೆ ಅದರಲ್ಲಿ ಪಾಲ್ಗೊಳ್ಳಬಹುದು.

ಹೆಸರುಗಳ ಪಾಠ

ಕಂಡ ಹಕ್ಕಿಯ ಹೆಸರನ್ನು ಶಿಕ್ಷಕರು ಮೊದಲು ಹೇಳದೆ, ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಬೇಕು. ತರಗತಿಯಲ್ಲಿ ಸೋಲಿಗ, ಊರಾಳಿ ಮಕ್ಕಳಿದ್ದರೆ ಅವರ ಹಿರಿಯರ ಬಳಿ ಇರುವ ಹೆಸರುಗಳು ಪುಸ್ತಕಗಳಲ್ಲಿ ಸಿಗದಂಥವು. ಅವನ್ನು ಕೇಳಿದಂತೆಯೇ ಕನ್ನಡ ಲಿಪಿಯಲ್ಲಿ ಬರೆಸಿ, ಪಕ್ಕದಲ್ಲಿ ಪುಸ್ತಕದ ಹೆಸರನ್ನೂ ತಮಿಳಿನ ಹೆಸರನ್ನೂ ಸೇರಿಸಬೇಕು. ಗಿಳಿ ತಮಿಳಿನಲ್ಲಿ ಕಿಳಿ, ನವಿಲು ಮಯಿಲ್, ಕೋಗಿಲೆ ಕುಯಿಲ್. ಗೀಜಗ ಮಾತ್ರ ತೂಕ್ಕಣಾಂಕುರುವಿ. ಕನ್ನಡದ ಕೊಕ್ಕು ಹಕ್ಕಿಯ ಬಾಯಿ. ತಮಿಳಿನ ಕೊಕ್ಕು ಬೆಳ್ಳಕ್ಕಿ. ಎರಡೂ ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಇದು ಹೊರೆಯಲ್ಲ, ಅದರ ಬಂಡವಾಳ. ಬಳಸದೆ ಬಿಟ್ಟರೆ ಹಕ್ಕಿ ಉಳಿದರೂ ಹೆಸರು ಉಳಿಯದು.

ಚರ್ಚೆ: ಓಡಿಸಬೇಕೆ, ಕರೆಯಬೇಕೆ?

ಹೊಲದಲ್ಲಿ ಓಡಿಸುವ ಹಕ್ಕಿಗೆ ಶಾಲೆಯಲ್ಲಿ ಕಾಳಿಡುವುದೇಕೆಂದು ಪೋಷಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಗಿಳಿ, ರಾಟವಾಳಗಳಿಂದ ಬೆಳೆಗೆ ನಷ್ಟವಿದೆ, ಅದನ್ನು ಮರೆಮಾಚಬಾರದು. ತೆನೆ ಬಲಿಯುವ ಕಾಲದಲ್ಲಿ ಶಾಲೆಯಲ್ಲಿ ಕಾಳಿಡುವುದನ್ನು ನಿಲ್ಲಿಸಬೇಕು. ಇನ್ನೊಂದು ಮುಖವನ್ನೂ ಮಕ್ಕಳ ಮುಂದಿಡಬೇಕು. ಗುಬ್ಬಚ್ಚಿ, ಗೀಜಗಗಳು ತಾವು ಕಾಳು ತಿಂದರೂ ಮರಿಗಳಿಗೆ ಹುಳುಗಳನ್ನು ಉಣಿಸುತ್ತವೆ. 1958ರಲ್ಲಿ ಚೀನಾದಲ್ಲಿ ಗುಬ್ಬಚ್ಚಿಯನ್ನು ಬೆಳೆಯ ಶತ್ರುವೆಂದು ಸಾರಿ ಸಾಮೂಹಿಕವಾಗಿ ಕೊಂದರು. ಕೀಟಗಳ ಹಾವಳಿ ಹೆಚ್ಚಿತು. 1960ರಲ್ಲಿ ಗುಬ್ಬಚ್ಚಿಯನ್ನು ಆ ಪಟ್ಟಿಯಿಂದ ಕೈಬಿಡಬೇಕಾಯಿತು. ಎರಡೂ ಪಕ್ಷಗಳನ್ನು ಕೇಳಿ ಮಕ್ಕಳೇ ತಮ್ಮ ಅಭಿಪ್ರಾಯವನ್ನು ಬರೆಯಲಿ. ತಟ್ಟೆಗೆ ಬಂದ ಗಿಳಿಯನ್ನು ಹಿಡಿದು ಸಾಕುವ ಆಸೆ ಹುಟ್ಟಿದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧವೆಂದು ತಿಳಿಸಬೇಕು.

ಮೌಲ್ಯಮಾಪನ ಮತ್ತು ಮುಂದುವರಿಕೆ

ಮಗು ತನ್ನ ಊಹೆ ತಪ್ಪಾದ ಒಂದು ಸಂದರ್ಭವನ್ನು ಕಾರಣಸಹಿತ ವಿವರಿಸಬಲ್ಲುದೇ ಎಂಬುದು ಈ ಪಾಠದ ಮುಖ್ಯ ಮೌಲ್ಯಮಾಪನ. ಕೋಷ್ಟಕದಿಂದ ಸ್ತಂಭನಕ್ಷೆ ಬರೆಯುವುದು, ಹತ್ತು ವಾಕ್ಯಗಳ ವರದಿ ಸಿದ್ಧಪಡಿಸುವುದು ಉಳಿದ ಅಂಶಗಳು.

ಮಳೆಗಾಲ ಬಂದಾಗ ಶಾಲೆಯ ಬೇಲಿಯೊಳಗೆ ಒಂದೊಂದು ಸಾಲು ರಾಗಿ, ನವಣೆ, ಹುಚ್ಚೆಳ್ಳು ಬಿತ್ತಿಸಬಹುದು. ಹೊಲದ ತೆನೆ ಮನೆ ಸೇರಿದ ಮೇಲೂ ಈ ಸಾಲುಗಳನ್ನು ಕೊಯ್ಯದೆ ಹಕ್ಕಿಯ ಪಾಲಿಗೆ ಬಿಡಬೇಕು. ತೊಳೆಯುವ ಕೆಲಸ ಬೇಡದ, ರಜೆಯಲ್ಲೂ ಬರಿದಾಗದ ತಟ್ಟೆ ಅದು. ಹೊಲದಲ್ಲಿ ಡಬ್ಬ ಬಡಿದ ಮಗು ಆ ಸಾಲಿನ ಎದುರು ಸದ್ದಿಲ್ಲದೆ ಕುಳಿತು, ಬಂದ ಹಕ್ಕಿಯ ಹೆಸರನ್ನು ತನ್ನ ಮನೆಮಾತಿನಲ್ಲಿ ಬರೆದುಕೊಂಡರೆ ಪಾಠದ ಉದ್ದೇಶ ಈಡೇರಿದಂತೆ.